ಹರಿಯುವ ನೀರಿನಲ್ಲಿ ಹೂಳನ್ನು ಅಳೆಯುವ ಕ್ರಮ

ಮಳೆಗಾಲದಲ್ಲಿ ಹಳ್ಳವು ಕೆಂಪಾಗಿ ಹರಿಯುವುದನ್ನು ರೈತರೆಲ್ಲರೂ ಬಲ್ಲರು. ಆ ಬಣ್ಣವು ಮೇಲಣ ಹೊಲಗಳ ಸಾರವತ್ತಾದ ಮಣ್ಣಿನದು. ಅದೇ ಮಣ್ಣು ಕೆಳಗಣ ಕೆರೆಯಲ್ಲಿ ಹೂಳಾಗಿ ನಿಲ್ಲುತ್ತದೆ. ಹೀಗೆ ಮೇಲಿನವನಿಗೆ ಭೂಮಿಯ ನಷ್ಟವೂ ಅಚ್ಚುಕಟ್ಟಿನವನಿಗೆ ನೀರಿನ ನಷ್ಟವೂ ಒಂದೇ ಕಾರಣದಿಂದ ಉಂಟಾಗುತ್ತವೆ.

ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ಸುಮಾರು 133 ಟಿಎಂಸಿ ನೀರು ನಿಲ್ಲುವಷ್ಟು ಸ್ಥಳವಿದ್ದಿತು. 2008ರ ಅಳತೆಯಲ್ಲಿ ಅದು ಸುಮಾರು 101 ಟಿಎಂಸಿ ಎಂದೂ, 2016ರ ಅಳತೆಯಲ್ಲಿ ಸುಮಾರು 106 ಟಿಎಂಸಿ ಎಂದೂ ಕಂಡುಬಂದಿತು. ನಷ್ಟವು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎರಡು ಅಳತೆಗಳಿಗೇ ಇಷ್ಟು ಅಂತರವಿರುವುದರಿಂದ, ಹೂಳಿನ ವಿಷಯದಲ್ಲಿ ಒಂದೇ ಅಳತೆಯನ್ನು ನಂಬಿ ನಿರ್ಣಯಕ್ಕೆ ಬರತಕ್ಕದ್ದಲ್ಲವೆಂದು ತಿಳಿಯುತ್ತದೆ.

ಹೂಳಿನ ನಡೆ

ನುಣುಪಾದ ಮಣ್ಣು ನೀರಿನಲ್ಲಿ ತೇಲಿಕೊಂಡು ಹೋಗುತ್ತದೆ. ದಪ್ಪ ಮರಳೂ ಹರಳುಗಳೂ ಹಳ್ಳದ ತಳದಲ್ಲಿ ಉರುಳುತ್ತ, ನೆಗೆಯುತ್ತ ಸಾಗುತ್ತವೆ. ಇವುಗಳ ನಡೆ ಒಂದೇ ಸಮನಾಗಿರುವುದಿಲ್ಲ. ಹರಳು ಸ್ವಲ್ಪ ದೂರ ಸಾಗಿ ನಿಲ್ಲುತ್ತದೆ. ಬಹಳ ಹೊತ್ತಿನ ಮೇಲೆ ಪುನಃ ಹೊರಡುತ್ತದೆ. ಭೌತಶಾಸ್ತ್ರಜ್ಞ ಆಲ್ಬರ್ಟ್ ಐನ್‌ಸ್ಟೈನರ ಮಗನಾದ ಹ್ಯಾನ್ಸ್ ಆಲ್ಬರ್ಟ್ ಐನ್‌ಸ್ಟೈನರು 1937ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ, ಈ ಓಟ ಮತ್ತು ವಿಶ್ರಾಂತಿಗಳನ್ನು ಸಂಭವನೀಯತೆಯ ಗಣಿತದಿಂದ ವಿವರಿಸಿದರು. ಒಂದು ಹರಳು ಯಾವಾಗ ಹೊರಡುವುದೆಂದು ಹೇಳಲಾಗದು. ಅನೇಕ ಹರಳುಗಳ ಸರಾಸರಿಯನ್ನು ಹೇಳಬಹುದು. ಬಿಡಿ ಬಿಡಿಯಾಗಿ ಮಾಡಿದ ಅಳತೆಗಳನ್ನು ನಾಲ್ಕರಷ್ಟು ಹೆಚ್ಚಿಸಿದರೆ, ಸರಾಸರಿಯಲ್ಲಿರುವ ಅನಿಶ್ಚಯವು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಸರಾಸರಿಯಲ್ಲಿ ಆಗುವ ತಪ್ಪು

ಉದಾಹರಣೆಗೆ, ಒಂದು ಹಳ್ಳದಲ್ಲಿ ದಿನದ 20 ಗಂಟೆ ಸೆಕೆಂಡಿಗೆ 100 ಲೀಟರಿನಂತೆ ನೀರು ಹರಿದು, ಪ್ರತಿ ಲೀಟರಿನಲ್ಲಿ ಅರ್ಧ ಗ್ರಾಂ ಮಣ್ಣು ಇರಲಿ. ಉಳಿದ 4 ಗಂಟೆ ಪ್ರವಾಹ ಬಂದು, ಸೆಕೆಂಡಿಗೆ 2,000 ಲೀಟರಿನಂತೆ ಹರಿದು, ಲೀಟರಿಗೆ 5 ಗ್ರಾಂ ಮಣ್ಣು ಇರಲಿ. ಮೊದಲನೆಯ ಅವಧಿಯಲ್ಲಿ ಸಾಗಿದ ಮಣ್ಣು 3.6 ಟನ್, ಪ್ರವಾಹದಲ್ಲಿ 144 ಟನ್, ಒಟ್ಟು 147.6 ಟನ್. ತಿಳಿನೀರಿನ ಒಂದೇ ಸೀಸೆಯನ್ನು ನೋಡಿ ದಿನದ ನೀರಿಗೆಲ್ಲ ಲೆಕ್ಕ ಹಾಕಿದರೆ 18 ಟನ್ ಮಾತ್ರ ಬರುತ್ತದೆ. ಗಂಟೆಗೊಂದರಂತೆ 24 ಸೀಸೆಗಳನ್ನು ತುಂಬಿ ಬರಿಯ ಸರಾಸರಿ ತೆಗೆದರೂ 45 ಟನ್ ಮಾತ್ರವೇ. ಆದುದರಿಂದ ಪ್ರತಿಯೊಂದು ಸೀಸೆಯ ಮಣ್ಣನ್ನೂ ಆ ಹೊತ್ತಿನ ನೀರಿನ ಮೊತ್ತದಿಂದ ಗುಣಿಸಿ, ಅನಂತರ ಕೂಡಿಸಬೇಕು.

ಗ್ರಾಮದಲ್ಲಿ ಅನುಸರಿಸಬಹುದಾದ ಕ್ರಮ

1. ಕೆರೆಗೆ ನೀರು ತರುವ ಕಾಲುವೆಯಲ್ಲಿ ನೇರವಾದ, ಸೇತುವೆಯಿರುವ ಒಂದು ಸ್ಥಳವನ್ನು ಗೊತ್ತುಮಾಡಿ, ಆಳವನ್ನು ತೋರಿಸುವ ಅಳತೆಗೋಲನ್ನು ನೆಡಬೇಕು. ಪ್ರವಾಹದಲ್ಲಿ ಯಾರೂ ನೀರಿಗೆ ಇಳಿಯಕೂಡದು.

2. ತೇಲುವ ಕಟ್ಟಿಗೆಯ ತುಂಡು ಗೊತ್ತಾದ ದೂರವನ್ನು ಎಷ್ಟು ಸೆಕೆಂಡುಗಳಲ್ಲಿ ದಾಟುವುದೆಂದು ನೋಡಬೇಕು. ಮೇಲ್ಭಾಗದ ಈ ವೇಗವನ್ನು 0.85ರಿಂದ ಗುಣಿಸಿದರೆ ಸರಾಸರಿ ವೇಗವು ಸುಮಾರಾಗಿ ದೊರೆಯುತ್ತದೆ. ಅದನ್ನು ಅಗಲ ಮತ್ತು ಸರಾಸರಿ ಆಳಗಳಿಂದ ಗುಣಿಸಿದರೆ ನೀರಿನ ಮೊತ್ತ ತಿಳಿಯುತ್ತದೆ.

3. ಕಿರುಬಾಯಿಯ ಸೀಸೆಗೆ ಭಾರ ಕಟ್ಟಿ, ಹಗ್ಗದಿಂದ ಸಮವೇಗದಲ್ಲಿ ತಳದ ಬಳಿಯವರೆಗೆ ಇಳಿಸಿ ಮೇಲೆತ್ತಬೇಕು. ಮರಳು ತಳದ ಕಡೆಗೇ ಹೆಚ್ಚಾಗಿರುವುದರಿಂದ ಮೇಲಿನ ನೀರನ್ನು ಮಾತ್ರ ತುಂಬಿದರೆ ಸಾಲದು.

4. ನೀರು ಏರುವಾಗಲೂ ಇಳಿಯುವಾಗಲೂ ಸೀಸೆಗಳನ್ನು ತುಂಬಬೇಕು. ಅಳತೆಗೋಲಿನಲ್ಲಿ ಆಳವು ಒಂದೇ ಆಗಿದ್ದರೂ ಎರಡು ಹೊತ್ತಿನ ಮಣ್ಣು ಒಂದೇ ಆಗಿರಬೇಕೆಂಬ ನಿಯಮವಿಲ್ಲ.

5. ಮಣ್ಣು ತಳಕ್ಕೆ ಕೂತ ಮೇಲೆ ತಿಳಿನೀರನ್ನು ಬಸಿದು, ಒಣಗಿಸಿ, ತೂಗಿ, ದಿನಾಂಕ, ವೇಳೆ, ಆಳಗಳೊಡನೆ ಪುಸ್ತಕದಲ್ಲಿ ಬರೆದಿಡಬೇಕು.

ಈ ಕ್ರಮದಿಂದ ತೇಲುವ ಮಣ್ಣಿನ ಲೆಕ್ಕವು ದೊರೆಯುವುದೇ ಹೊರತು ತಳದಲ್ಲಿ ಉರುಳುವ ಮರಳಿನ ಲೆಕ್ಕವಲ್ಲ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಅಂಗಳದ ಮಟ್ಟವನ್ನು ಅಳೆದು ಎರಡನ್ನೂ ಹೋಲಿಸುವುದು ಉತ್ತಮ. ಮೇಲಣ ಹೊಲಗಳಿಗೆ ಬದು ಹಾಕಿದ ವರ್ಷ ಹೂಳು ಕಡಮೆಯಾಗಿ ಕಂಡರೆ, ಅದು ಬದುವಿನ ಫಲವೋ ಮಳೆಯ ಕೊರತೆಯೋ ಎಂಬುದನ್ನು ವಿಚಾರಿಸಬೇಕು. ಸಮಾನವಾದ ಪ್ರವಾಹಗಳನ್ನು ಹೋಲಿಸಿ, ಹಲವು ಮಳೆಗಾಲಗಳ ಲೆಕ್ಕವನ್ನು ಇಟ್ಟ ಗ್ರಾಮದವರು ಹೂಳೆತ್ತುವ ಹಣವನ್ನು ಎಲ್ಲಿ ವೆಚ್ಚ ಮಾಡಬೇಕೆಂಬುದನ್ನು ಆಧಾರಸಹಿತವಾಗಿ ನಿರ್ಧರಿಸಬಲ್ಲರು.