ಹಸಿರು ಬಾಳಿನ ಗ್ರಂಥಗಳೆಲ್ಲಿ?

ಬಾಗಲಕೋಟೆಯ ವಿದ್ಯಾಗಿರಿಯ ಸೋದರಿಯವರಿಗೆ,

ಸುಸ್ಥಿರ ಜೀವನವನ್ನು ಕುರಿತ ಶಾಸ್ತ್ರೀಯ ಗ್ರಂಥಗಳು ದೊರಕುತ್ತಿಲ್ಲವೆಂದು ತಾವು ಬರೆದಿರುವಿರಿ. ಈ ವಿಷಯಕ್ಕೆ ಗ್ರಂಥಾಲಯದಲ್ಲಿ ಒಂದೇ ನೆಲೆಯಿಲ್ಲದಿರುವುದೇ ಕಷ್ಟದ ಮೂಲ; ಡ್ಯೂಯಿ ವರ್ಗೀಕರಣದಲ್ಲಿ ನೈಸರ್ಗಿಕ ಸಂಪತ್ತಿನ ಗ್ರಂಥಗಳು 333.7ರಲ್ಲಿಯೂ, ಜೀವಿಪರಿಸರ ವಿಜ್ಞಾನದವು 577ರಲ್ಲಿಯೂ, ಮಾಲಿನ್ಯ ನಿಯಂತ್ರಣದವು 628ರಲ್ಲಿಯೂ ಚದುರಿರುವುದರಿಂದ, ಶೀರ್ಷಿಕೆಯನ್ನು ನಂಬಿ ಹುಡುಕುವವರಿಗೆ ನಿರಾಶೆಯೇ ಗತಿಯಾಗುವುದು. ತಮ್ಮ ಬಡಾವಣೆಯಲ್ಲಿಯೇ ಇರುವ, 1963ರಲ್ಲಿ ಸ್ಥಾಪಿತವಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಲ್ಲಿಯೂ, ನೆರೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿಯೂ ಗ್ರಂಥಪಾಲಕರನ್ನು ಕಂಡು, ಹೊರಗಿನ ಓದುಗರಿಗೆ ಅನುಮತಿಯುಂಟೇ ಎಂದು ಮೊದಲು ವಿಚಾರಿಸಿರಿ.

ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ ಅವರ ‘ದಿಸ್ ಫಿಶರ್ಡ್ ಲ್ಯಾಂಡ್’ (1992) ಭಾರತದ ಪರಿಸರ ಚರಿತ್ರೆಗೆ ಉತ್ತಮ ಪ್ರವೇಶ. ಆದರೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಊರಿನ ಭಾಗಗಳನ್ನು ಒಪ್ಪಿಸಿದ ಬಾಗಲಕೋಟೆಯವರು, ಬಾದಾಮಿಯ ಅಗಸ್ತ್ಯತೀರ್ಥದ ಕೆರೆಯನ್ನು ಬಲ್ಲವರು, ಅದಕ್ಕಿಂತಲೂ ಮುಂಚೆ ಅನಿಲ್ ಅಗರವಾಲ್, ಸುನೀತಾ ನಾರಾಯಣ್ ಸಂಪಾದಿಸಿದ ‘ಡೈಯಿಂಗ್ ವಿಸ್ಡಮ್’ (1997) ಗ್ರಂಥವನ್ನೋದಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ದೇಶದ ಪಾರಂಪರಿಕ ಜಲಸಂಗ್ರಹ ಪದ್ಧತಿಗಳನ್ನು ಪ್ರಾಂತಪ್ರಾಂತವಾಗಿ ವಿವರಿಸಿದ ಕೃತಿಯದು. ಕನ್ನಡದಲ್ಲಿಯೇ ಆರಂಭಿಸುವುದಾದರೆ ನಾಗೇಶ ಹೆಗಡೆಯವರ ‘ಇರುವುದೊಂದೇ ಭೂಮಿ’ ಇದೆ.

ಹಣ ವ್ಯಯಿಸುವ ಮುನ್ನ ‘ಶೋಧಗಂಗಾ’ ಜಾಲತಾಣದಲ್ಲಿ ಉಚಿತವಾಗಿ ದೊರೆಯುವ ಪಿಎಚ್.ಡಿ. ಪ್ರಬಂಧಗಳನ್ನು ನೋಡಿರಿ, ಅವುಗಳ ಕೊನೆಯ ಗ್ರಂಥಸೂಚಿಯಲ್ಲಿ ಪದೇ ಪದೇ ಕಾಣುವ ಗ್ರಂಥಗಳನ್ನೇ ಮೊದಲು ತರಿಸಿಕೊಳ್ಳಿರಿ.