ಕಾಲೇಜಿನ ವಿಕಲಚೇತನ ವಿದ್ಯಾರ್ಥಿ: ಅಧ್ಯಾಪಕರ ಹೊಣೆ ಎಷ್ಟು?

ನಮ್ಮ ಉಚಿತ ವಾಚನಾಲಯಕ್ಕೆ ಬರುವವರಲ್ಲಿ ಕಾಲೇಜು ಅಧ್ಯಾಪಕರಿದ್ದಾರೆ, ವಿದ್ಯಾರ್ಥಿಗಳಿದ್ದಾರೆ, ಮಕ್ಕಳನ್ನು ಕಾಲೇಜಿಗೆ ಕಳಿಸುವ ತಂದೆತಾಯಿಗಳೂ ಇದ್ದಾರೆ. ಈ ಮೂವರಿಗೂ ಸಂಬಂಧಪಟ್ಟ ವಿಷಯವೊಂದನ್ನು ಈ ಸಲದ ಅಭ್ಯಾಸಕ್ಕೆ ತೆಗೆದುಕೊಂಡಿದ್ದೇವೆ. ಕಣ್ಣು ಕಾಣದ, ಕಿವಿ ಕೇಳದ, ಮೆಟ್ಟಿಲು ಹತ್ತಲಾರದ, ಇಲ್ಲವೆ ಅಕ್ಷರ ಜೋಡಿಸುವುದೇ ಕಷ್ಟವಾದ ಹುಡುಗನೋ ಹುಡುಗಿಯೋ ತರಗತಿಯಲ್ಲಿ ಬಂದು ಕುಳಿತಾಗ ಅಧ್ಯಾಪಕರು ಮಾಡಬೇಕಾದುದೇನು?

ದೊಡ್ಡ ಮನಸ್ಸು ಮಾಡಬೇಕು ಎಂದು ಹಲವರು ಹೇಳುತ್ತಾರೆ. ಮನಸ್ಸು ದೊಡ್ಡದಿದ್ದರೆ ಸಂತೋಷವೇ. ಆದರೆ ಇದು ದಯೆಯ ಮಾತಲ್ಲ, ಹಕ್ಕಿನ ಮಾತು. ವಿಕಲಚೇತನರ ಹಕ್ಕುಗಳ ಕಾಯಿದೆ 2016ರಲ್ಲಿ ಆಯಿತು, 2017ರ ಏಪ್ರಿಲ್‌ನಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ 1995ರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳನ್ನಷ್ಟೇ ಹೇಳಿತ್ತು. ಹೊಸದರಲ್ಲಿ ಇಪ್ಪತ್ತೊಂದು ಬಗೆಗಳಿವೆ. ಓದು ಬರಹದ ಕಲಿಕೆಯ ತೊಡಕು, ಆಟಿಸಂ, ಹೀಮೋಫಿಲಿಯಾದಂಥ ರಕ್ತದ ಕಾಯಿಲೆ ಇವೆಲ್ಲ ಅದರಲ್ಲಿ ಸೇರಿವೆ. ಸರಕಾರಿ ಕಾಲೇಜುಗಳೂ ಸರಕಾರದ ಅನುದಾನ ಪಡೆಯುವ ಕಾಲೇಜುಗಳೂ ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗಾಗಿ ಕನಿಷ್ಠ ಶೇಕಡಾ 5 ಸ್ಥಾನಗಳನ್ನು ಕಾದಿರಿಸಬೇಕು.

ಸ್ಥಾನ ಕೊಟ್ಟರೆ ಆಯಿತೆ? ಇಲ್ಲ. ಅದೇ ಕಾಯಿದೆಯಲ್ಲಿ ‘ಯುಕ್ತ ಹೊಂದಾಣಿಕೆ’ ಎಂಬರ್ಥದ ಮಾತೊಂದಿದೆ. ಇತರರಿಗೆ ಸಮನಾಗಿ ತನ್ನ ಹಕ್ಕನ್ನು ಅನುಭವಿಸಲು ಒಬ್ಬನಿಗೆ ಯಾವ ಮಾರ್ಪಾಡು ಅವಶ್ಯವೋ ಅದನ್ನು ಮಾಡಿಕೊಡುವುದು, ಆದರೆ ಸಂಸ್ಥೆಯ ಮೇಲೆ ಅಳತೆ ಮೀರಿದ ಹೊರೆ ಬೀಳದಂತೆ ಮಾಡುವುದು, ಇದು ಅದರ ತಾತ್ಪರ್ಯ. ಪ್ರಶ್ನೆಪತ್ರಿಕೆ ಸುಲಭವಾಗಬೇಕಿಲ್ಲ, ಅಂಕ ದಾನವಾಗಿ ಬೀಳಬೇಕಿಲ್ಲ. ಮುಟ್ಟಬೇಕಾದ ಊರು ಎಲ್ಲರಿಗೂ ಒಂದೇ. ಹೋಗುವ ದಾರಿಯನ್ನಷ್ಟೇ ಸ್ವಲ್ಪ ಬದಲಿಸಿ ಕೊಡುವುದು.

ಈ ದಾರಿ ಬದಲಿಸುವ ಕೆಲಸದಲ್ಲಿ ಬಹುಪಾಲಿಗೆ ಕಾಸೂ ಖರ್ಚಿಲ್ಲ. ಅಧ್ಯಾಪಕರು ಹಲಗೆಯ ಮೇಲೆ ಬರೆಯುತ್ತ “ಇದನ್ನು ಇದಕ್ಕೆ ಕೂಡಿಸಿದರೆ ಇದು ಬರುತ್ತದೆ” ಎಂದರೆ ಕಣ್ಣು ಕಾಣದವನಿಗೆ ಏನು ತಿಳಿಯಬೇಕು? ಬರೆದದ್ದನ್ನೇ ಬಾಯಲ್ಲೂ ಹೇಳಿದರೆ ಅವನಿಗೂ ತಿಳಿಯಿತು, ಹಿಂದಿನ ಬೆಂಚಿನವರಿಗೂ ತಿಳಿಯಿತು. ಕಿವಿ ಮಂದವಾದ ಹುಡುಗಿ ತುಟಿ ನೋಡಿ ಪಾಠ ಹಿಡಿಯುತ್ತಿದ್ದರೆ, ಹಲಗೆಯ ಕಡೆ ತಿರುಗಿ ಮಾತಾಡಿದ್ದೆಲ್ಲ ಅವಳ ಪಾಲಿಗೆ ವ್ಯರ್ಥ. ಕಿಟಕಿಗೆ ಬೆನ್ನು ಮಾಡಿ ನಿಂತರೂ ಅಷ್ಟೆ, ಬೆಳಕು ಹಿಂದಿನಿಂದ ಬಂದು ಮುಖ ಕಪ್ಪಾಗಿ ಕಾಣುತ್ತದೆ. ಪರೀಕ್ಷೆಯ ದಿನ ಬದಲಾದದ್ದನ್ನು ಬಾಯಿಮಾತಿನಲ್ಲಿ ಹೇಳಿ ಹೊರಟುಬಿಡದೆ ಹಲಗೆಯ ಮೇಲೆ ಎರಡು ಸಾಲು ಬರೆಯಬೇಕು. ಗಾಲಿಕುರ್ಚಿಯ ವಿದ್ಯಾರ್ಥಿಯಿದ್ದು ಲಿಫ್ಟು ಕೆಟ್ಟಿದ್ದರೆ ಮೂರನೆಯ ಮಹಡಿಯ ತರಗತಿಯನ್ನು ಕೆಳಗಿನ ಕೋಣೆಗೆ ತರಿಸುವಂತೆ ಪ್ರಿನ್ಸಿಪಾಲರಿಗೆ ಬರೆದು ಕೇಳಬೇಕು. ನಾಲ್ಕು ಜನ ಸೇರಿ ಅವನನ್ನು ಎತ್ತಿಕೊಂಡು ಹೋಗುವುದನ್ನು ಸೇವೆಯೆಂದು ಹೊಗಳುವವರಿದ್ದಾರೆ. ದಿನಾಲೂ ಹಾಗೆ ಎತ್ತಿಸಿಕೊಳ್ಳುವವನನ್ನು ಅವರು ಒಮ್ಮೆ ಕೇಳಿ ನೋಡಲಿ.

ಟಿಪ್ಪಣಿಗಳ ವಿಷಯವನ್ನು ನಾವು ವಿಶೇಷವಾಗಿ ಹೇಳಬೇಕಾಗಿದೆ, ಏಕೆಂದರೆ ಇದು ಕನ್ನಡಕ್ಕೇ ತಟ್ಟುವ ಮಾತು. ಕಂಪ್ಯೂಟರಿನಲ್ಲಿ ಇರುವುದನ್ನು ಓದಿ ಹೇಳುವ ತಂತ್ರಾಂಶಗಳಿವೆ. ಎನ್‌ವಿಡಿಎ ಎಂಬುದೊಂದು, ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು 2006ರಲ್ಲಿ ಆರಂಭಿಸಿದ್ದು, ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಪುಸ್ತಕದ ಪುಟದ ಫೋಟೋ ತೆಗೆದು ಕಳಿಸಿದರೆ ಅದಕ್ಕೆ ಅದು ಬರಿಯ ಚಿತ್ರ, ಓದಲು ಅಕ್ಷರವಿಲ್ಲ. ಇನ್ನೂ ಒಂದು ತೊಡಕು ನಮ್ಮ ಕನ್ನಡ ಅಧ್ಯಾಪಕರಿಗೆ ತಿಳಿದಿರಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ತಂತ್ರಾಂಶ ಅದನ್ನೇ ಒದರುತ್ತದೆ. ಯೂನಿಕೋಡಿನಲ್ಲಿ ಮಾಡಿದ ಕಡತವಾದರೆ ಸರಿಯಾಗಿ ಓದುತ್ತದೆ. ಪಠ್ಯಪುಸ್ತಕವನ್ನು ಹೀಗೆ ಬದಲಿಸಿಕೊಟ್ಟರೆ ಗ್ರಂಥಸ್ವಾಮ್ಯದ ತೊಂದರೆಯಾದೀತೆ ಎಂದು ಅಂಜುವವರಿಗೆ ಒಂದು ಮಾತು: ವಿಕಲಚೇತನರ ಓದಿಗೆಂದು, ಲಾಭದಾಸೆಯಿಲ್ಲದೆ ಇಂಥ ಪ್ರತಿ ಮಾಡುವುದಕ್ಕೆ 2012ರ ಕಾಯಿದೆ ತಿದ್ದುಪಡಿ ಅವಕಾಶ ಕೊಟ್ಟಿದೆ.

ಇನ್ನು ಪರೀಕ್ಷೆ. ಹೆಚ್ಚಿನ ಹಾನಿ ಆಗುವುದು ಇಲ್ಲಿಯೇ. ಕೇಂದ್ರ ಸರಕಾರದ 2018ರ ಆಗಸ್ಟ್ ತಿಂಗಳ ಮಾರ್ಗಸೂಚಿಯು ಬರೆಯುವವರ ನೆರವು ಪಡೆಯಲು ಅರ್ಹರಾದವರಿಗೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಸಮಯ ಕೊಡಬೇಕೆಂದಿತು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಎಂದಾಯಿತು. 2021ರಲ್ಲಿ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಕುಳಿತ, ಬರವಣಿಗೆಯ ತೊಡಕಿದ್ದ ಒಬ್ಬ ವಿದ್ಯಾರ್ಥಿನಿಗೆ ಈ ಒಂದು ಗಂಟೆ ಸಿಗಲಿಲ್ಲ. ಇತರರೊಡನೆಯೇ ಅವಳ ಉತ್ತರಪತ್ರಿಕೆಯನ್ನೂ ತೆಗೆದುಕೊಂಡರು. ನಿಯಮ ಕಾಗದದಲ್ಲಿತ್ತು, ಕೋಣೆಯಲ್ಲಿ ನಿಂತವರಿಗೆ ಗೊತ್ತಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅವಳಿಗೆ ಅನ್ಯಾಯವಾಗಿದೆ ಎಂದಿತು, ಸರಿಪಡಿಸುವ ದಾರಿ ನೋಡಿರೆಂದು ಪರೀಕ್ಷಾ ಸಂಸ್ಥೆಗೆ ಹೇಳಿತು. ಮರುಪರೀಕ್ಷೆಯನ್ನು ಮಾತ್ರ ಕೊಡಲಿಲ್ಲ. ತೀರ್ಪು ಎಷ್ಟು ಚೆನ್ನಾಗಿದ್ದರೂ ಹೋದ ಗಂಟೆ ಹೋದದ್ದೇ. ಮೇಲ್ವಿಚಾರಣೆಗೆ ಹೋಗುವ ಅಧ್ಯಾಪಕರು ಗಂಟೆ ಬಾರಿಸುವುದಕ್ಕೆ ಮುಂಚೆ ತಮ್ಮ ಕೋಣೆಯಲ್ಲಿ ಯಾರಿಗೆ ಎಷ್ಟು ಸಮಯವೆಂದು ನೋಡಿಕೊಳ್ಳಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ.

ಅದೇ ವರ್ಷದ ಫೆಬ್ರವರಿಯ ವಿಕಾಸ್ ಕುಮಾರ್ ಪ್ರಕರಣವನ್ನೂ ತಿಳಿದಿರಬೇಕು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯ ಅಭ್ಯರ್ಥಿ ಆತ. ಶೇಕಡಾ 40ರ ಅಳತೆಗೆ ಬರುವುದಿಲ್ಲವೆಂದು ಬರೆಯುವವರ ನೆರವನ್ನು ನಿರಾಕರಿಸಿದ್ದರು. ಹೊಂದಾಣಿಕೆಯ ಹಕ್ಕಿಗೆ ಆ ಅಳತೆ ಅಡ್ಡ ಬರಬಾರದೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಒಬ್ಬೊಬ್ಬರ ಅಗತ್ಯ ಒಂದೊಂದು ಬಗೆ, ಆದ್ದರಿಂದ ಅವರನ್ನೇ ಕೇಳಿ ತಿಳಿಯಬೇಕೆಂಬುದೂ ಅದರಲ್ಲಿದೆ. ಅಂಧರೆಲ್ಲರೂ ಬ್ರೈಲ್ ಓದುವುದಿಲ್ಲ, ಕಿವುಡರೆಲ್ಲರೂ ಸಂಜ್ಞೆಯ ಭಾಷೆ ಕಲಿತಿರುವುದಿಲ್ಲ.

ಕೇಳುವುದಕ್ಕೂ ಒಂದು ರೀತಿಯಿದೆ. ತುಂಬಿದ ತರಗತಿಯಲ್ಲಿ “ನಿಮ್ಮಲ್ಲಿ ವಿಕಲಚೇತನರು ಯಾರು, ಕೈ ಎತ್ತಿ” ಎಂದರೆ ಯಾವ ಕೈಯೂ ಏಳಲಾರದು. ಅದರಲ್ಲೂ ಹೊರಗೆ ಕಾಣದ ತೊಡಕಿನವರು ಇನ್ನಷ್ಟು ಮುದುಡುತ್ತಾರೆ. ಟರ್ಮಿನ ಮೊದಲ ವಾರದಲ್ಲಿ “ಓದಿಗೆ ಏನಾದರೂ ಏರ್ಪಾಡು ಬೇಕಾದವರು ನನ್ನನ್ನು ಬೇರೆಯಾಗಿ ಕಾಣಬಹುದು” ಎಂದು ಎಲ್ಲರಿಗೂ ಹೇಳಿದರೆ ಸಾಕು. ತಿಳಿದುಬಂದದ್ದು ಸ್ಟಾಫ್ ರೂಮಿನ ಚಹದ ಮಾತಾಗಬಾರದು.

ಅರವತ್ತು ಎಂಬತ್ತು ಹುಡುಗರ ತರಗತಿಯಲ್ಲಿ ಇಷ್ಟಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಅಧ್ಯಾಪಕರು ಕೇಳಬಹುದು. ಮಾತಿನಲ್ಲಿ ಹುರುಳಿದೆ. ಟಿಪ್ಪಣಿ ಬೆರಳಚ್ಚು ಮಾಡಿಸುವುದು, ಓದಿ ಹೇಳುವವರನ್ನು ಗೊತ್ತುಮಾಡುವುದು ಕಾಲೇಜಿನ ಜವಾಬ್ದಾರಿಯೇ ಹೊರತು ಒಬ್ಬ ಮೇಷ್ಟ್ರ ತಲೆಯ ಮೇಲೆ ಹೊರಿಸುವುದಲ್ಲ. ಆದರೆ ಬೇಕೆಂದು ಬರೆದು ತಿಳಿಸುವ ಹೊಣೆ ಅವರದು.

ಪರೀಕ್ಷೆಯಲ್ಲಿ ಬರೆಯಲು ನಮ್ಮ ಮುಂಬಯಿಯ ಹುಡುಗರು ‘ರೈಟರ್’ ಎನ್ನುವ ಸಹಾಯಕರು ಬೇಕಾಗುತ್ತಾರೆ. ಸ್ವಂತ ರೈಟರನ್ನು ತರುವುದಾದರೆ ಅವರ ಓದು ಪರೀಕ್ಷಾರ್ಥಿಯದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂದು 2018ರ ಮಾರ್ಗಸೂಚಿಯಲ್ಲಿತ್ತು. ಮೆಟ್ರಿಕ್‌ವರೆಗೆ ಓದಿ ಮಿಲ್ಲಿನ ಕಚೇರಿ ಸೇರಿದ ನಮ್ಮಂಥವರಿಗೆ ಓದು ಕಡಿಮೆಯಾದದ್ದೇ ಅರ್ಹತೆಯಾಗುವುದು ಇಲ್ಲೊಂದೇ ಕಡೆ! ಆದರೂ ಆಯಾ ವಿಶ್ವವಿದ್ಯಾಲಯದ ಆ ವರ್ಷದ ನಿಯಮವನ್ನು ಮೊದಲು ನೋಡಿಕೊಳ್ಳಬೇಕು. ಕನ್ನಡ ಪತ್ರಿಕೆಗೆ ಕನ್ನಡ ಬರೆಯಬಲ್ಲವರೇ ಬೇಕು, ಹೊರನಾಡಿನಲ್ಲಿ ಅವರು ಕೊನೆಯ ದಿನ ಹುಡುಕಿದರೆ ಸಿಗುವುದಿಲ್ಲ.

ತಂದೆತಾಯಿಗಳಿಗೆ ಗುಮಾಸ್ತರಾಗಿ ನಾವು ಹೇಳುವುದು ಇಷ್ಟು. ಏರ್ಪಾಡು ಬೇಕೆಂದು ಬಾಯಲ್ಲಿ ಕೇಳಿ ಬಿಡಬೇಡಿರಿ. ಪ್ರವೇಶದ ಸಮಯಕ್ಕೇ ವೈಕಲ್ಯದ ಪ್ರಮಾಣಪತ್ರದ ನಕಲು ಇಟ್ಟು ಪ್ರಿನ್ಸಿಪಾಲರ ಹೆಸರಿಗೆ ಅರ್ಜಿ ಬರೆಯಿರಿ. ಎರಡನೆಯ ಪ್ರತಿಯ ಮೇಲೆ ತಾರೀಖು ಸಹಿತ ಕಚೇರಿಯ ಮೊಹರು ಹಾಕಿಸಿಕೊಳ್ಳಿರಿ. ಉತ್ತರ ಬಾರದಿದ್ದರೆ ಅದೇ ಪ್ರತಿಯ ನಕಲಿನೊಡನೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ಮೊಹರಿಲ್ಲದ ಕಾಗದವನ್ನು ಹಿಡಿದು ಹೋದರೆ “ಅರ್ಜಿಯೇ ಬಂದಿಲ್ಲ” ಎಂಬ ಉತ್ತರ ಯಾವ ಕಚೇರಿಯಲ್ಲೂ ಸಿದ್ಧವಾಗಿರುತ್ತದೆ.