ನ್ಯೂಟ್ರಿನೊ ಕಲಿಸುವ ಒಗ್ಗಟ್ಟಿನ ಲೆಕ್ಕ

“ಕನ್ನಡದಲ್ಲಿ ಓದಿದ ಮಕ್ಕಳಿಗೆ ಮುಂದೆ ವಿಜ್ಞಾನ ತಿಳಿದೀತೇ?” ಎಂದು ನಮ್ಮ ಗಡಿನಾಡಿನ ಪೋಷಕರು ಕೇಳುವುದುಂಟು. ಇದಕ್ಕೆ ವಾದಕ್ಕಿಂತ ಒಂದು ಪಾಠವೇ ಮೇಲಾದ ಉತ್ತರವೆಂದು ನಾವು ಭಾವಿಸುತ್ತೇವೆ. ಕಠಿಣವೆನಿಸುವ ವಿಷಯವನ್ನೇ ಆರಿಸಿಕೊಳ್ಳೋಣ.

ವಿದ್ಯಾರ್ಥಿಗಳೇ, ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೂಲಕ ಸೆಕೆಂಡಿಗೆ ಸುಮಾರು 6,500 ಕೋಟಿ ಕಣಗಳು ಸೂರ್ಯನಿಂದ ಬಂದು ಹಾದುಹೋಗುತ್ತವೆ. ಇವೇ ನ್ಯೂಟ್ರಿನೊಗಳು. ಇವಕ್ಕೆ ವಿದ್ಯುದಾವೇಶವಿಲ್ಲ, ಭಾರವೂ ಅತ್ಯಲ್ಪ. ಭೂಮಿಯನ್ನೇ ತೂರಿಹೋಗುವ ಇವು ಯಾವುದಕ್ಕಾದರೂ ತಾಗುವುದು ಬಲು ಅಪರೂಪ. ಇಂಥ ಕಣವಿರಬೇಕೆಂದು 1930ರಲ್ಲಿ ಪೌಲಿ ಊಹಿಸಿದರು. 1956ರಲ್ಲಿ ರೈನಸ್ ಮತ್ತು ಕೊವನ್ ಅದನ್ನು ಪ್ರಯೋಗದಿಂದ ತೋರಿಸಿದರು. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿಯೂ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು.

1974ರಲ್ಲಿ ಅಮೆರಿಕದ ಡೇನಿಯಲ್ ಫ್ರೀಡ್ಮನ್ ಒಂದು ಹೊಸ ಲೆಕ್ಕವನ್ನು ಮುಂದಿಟ್ಟರು. ಅದನ್ನು ತಿಳಿಯಲು ಕೆರೆಯ ಅಲೆಗಳನ್ನು ನೆನೆಯೋಣ. ಎರಡು ಸಮನಾದ ಅಲೆಗಳ ಉಬ್ಬುಗಳು ಒಂದಕ್ಕೊಂದು ಸರಿಯಾಗಿ ಕೂಡಿದರೆ ಎತ್ತರ ಎರಡು ಪಟ್ಟಾಗುತ್ತದೆ. ಅಲೆಯ ಶಕ್ತಿಯಾದರೋ ಎತ್ತರದ ವರ್ಗವನ್ನು ಅನುಸರಿಸುತ್ತದೆ. ಆದುದರಿಂದ ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಹತ್ತು ಪಟ್ಟಾದರೆ ನೂರು ಪಟ್ಟು.

ಕ್ವಾಂಟಮ್ ಶಾಸ್ತ್ರದ ಪ್ರಕಾರ ಪ್ರತಿಯೊಂದು ಕಣಕ್ಕೂ ಅಲೆಯ ಗುಣವಿದೆ. ಶಕ್ತಿ ಕಡಿಮೆಯಾದಷ್ಟೂ ಅಲೆ ಉದ್ದವಾಗುತ್ತದೆ. ಕಡಿಮೆ ಶಕ್ತಿಯ ನ್ಯೂಟ್ರಿನೊದ ಅಲೆಯು ಪರಮಾಣು ಬೀಜಕ್ಕಿಂತ ಉದ್ದವಾದಾಗ, ಬೀಜದೊಳಗಿನ ನ್ಯೂಟ್ರಾನುಗಳಿಂದ ಚದುರಿದ ಅಲೆಗಳೆಲ್ಲ ತಾಳ ತಪ್ಪದೆ ಕೂಡಿಕೊಳ್ಳುತ್ತವೆ. ಇದೇ ಸಂಸಕ್ತ ಚದುರುವಿಕೆ. ಪ್ರೋಟಾನುಗಳ ಪಾಲು ಇಲ್ಲಿ ತೀರ ಕಡಿಮೆ. ಒಂದು ನಿಯಮ ಮಾತ್ರ ಉಂಟು: ಯಾವ ನ್ಯೂಟ್ರಾನಿಗೆ ತಾಗಿತೆಂಬ ಗುರುತು ಉಳಿಯಕೂಡದು, ಬೀಜವು ಮೊದಲಿನಂತೆಯೇ ಇಡಿಯಾಗಿರಬೇಕು.

ಸೀಸಿಯಂ ಬೀಜದಲ್ಲಿ 78 ನ್ಯೂಟ್ರಾನುಗಳಿವೆ. ಅವು ಬಿಡಿಬಿಡಿಯಾಗಿದ್ದರೆ ತಾಗುವ ಸಂಭವ ಒಂದು ನ್ಯೂಟ್ರಾನಿನ 78 ಪಟ್ಟು. ಒಗ್ಗೂಡಿದಾಗ 78ರ ವರ್ಗ, ಅಂದರೆ ಸುಮಾರು 6,084 ಪಟ್ಟು!

ಇಷ್ಟು ಹೆಚ್ಚು ಸಂಭವವಿದ್ದರೂ ಇದು ಕಣ್ಣಿಗೆ ಬೀಳಲು 43 ವರ್ಷ ಬೇಕಾಯಿತು. ಏಕೆ? ಹೇರು ತುಂಬಿದ ಎತ್ತಿನ ಗಾಡಿಗೆ ಗೋಲಿ ಬಡಿದರೆ ಗಾಡಿ ಎಷ್ಟು ಕದಲೀತು? ನ್ಯೂಟ್ರಿನೊ ತಾಗಿದ ಬೀಜದ ಕದಲಿಕೆಯೂ ಅಷ್ಟೇ ಸೂಕ್ಷ್ಮ. ಕೊನೆಗೆ 2017ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ಅದು ಸಿಕ್ಕಿತು. ಅಲ್ಲಿ ಪ್ರೋಟಾನುಗಳನ್ನು ಪಾದರಸಕ್ಕೆ ಬಡಿಸುವಾಗ ನ್ಯೂಟ್ರಿನೊಗಳೂ ಹುಟ್ಟುತ್ತವೆ. ನೆಲಮಾಳಿಗೆಯ ಓಣಿಯಲ್ಲಿಟ್ಟ 14.6 ಕಿಲೋಗ್ರಾಂ ತೂಕದ ಸೀಸಿಯಂ ಅಯೊಡೈಡ್ ಹರಳಿನಲ್ಲಿ, ಬೀಜ ಕದಲಿದಾಗ ಹೊಮ್ಮಿದ ಮಿಣುಕು ಬೆಳಕನ್ನು ಹಿಡಿದರು. ಇಂಥ ಸುಮಾರು 134 ಘಟನೆಗಳು ಎಣಿಕೆಗೆ ಬಂದವು. ಸಾವಿರಾರು ಟನ್ನು ನೀರಿನ ತೊಟ್ಟಿಗಳು ಮಾಡುತ್ತಿದ್ದ ಕೆಲಸಕ್ಕೆ, ಒಬ್ಬರು ಎತ್ತಬಹುದಾದ ಹರಳೂ ಒದಗಿತು. ಫ್ರೀಡ್ಮನ್ ತಮ್ಮ ಲೆಕ್ಕ ನಿಜವಾದುದನ್ನು ತಾವೇ ಕಂಡರು.

ಕಡೆಯದಾಗಿ ನಿಮಗೊಂದು ಲೆಕ್ಕ. 2020ರಲ್ಲಿ ಇದೇ ಚದುರುವಿಕೆ ಆರ್ಗಾನಿನಲ್ಲಿಯೂ ಕಂಡುಬಂದಿತು. ಆರ್ಗಾನ್ ಬೀಜದಲ್ಲಿ ನ್ಯೂಟ್ರಾನುಗಳು 22. ಸೀಸಿಯಮ್ಮಿನಲ್ಲಿ ತಾಗುವ ಸಂಭವ ಇದಕ್ಕಿಂತ ಸುಮಾರು ಎಷ್ಟು ಪಟ್ಟು ಹೆಚ್ಚು? ಮನೆಯಲ್ಲಿ ತಂದೆತಾಯಿಯರ ಎದುರು ಕುಳಿತು ಬಿಡಿಸಿರಿ. ಬಿಡಿಸಿದ ಬಗೆಯನ್ನು ಅವರಿಗೆ ಕನ್ನಡದಲ್ಲಿಯೇ ವಿವರಿಸಿರಿ. ಅವರ ಪ್ರಶ್ನೆಗೆ ನೀವೇ ಉತ್ತರವಾಗುವಿರಿ.